ಮೋಹನದಾಸರ ನೂರು ವರ್ಷದ ಇಟ್ಟಿಗೆ

ಮೂವತ್ತು ವರ್ಷ ಸಾಂಬಾರಿನ ಹಂಡೆಗಳನ್ನು ಫಳಫಳ ಹೊಳೆಸಿದವನಿಗೆ ಒಂದು ಗೋಡೆ ತೊಳೆಯುವುದು ಯಾವ ಲೆಕ್ಕ! ಹೀಗೆಂದು ಘೋಷಿಸಿ ಮೋಹನದಾಸರು ಭಾನುವಾರ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿದರು.

ಸದಾಶಿವ ಪೇಠೆಯ ಆ ಪುಟ್ಟ ಮನೆಯನ್ನು ಹನ್ನೊಂದು ವರ್ಷದ ಹಿಂದೆ ಮಾರಿದವನು, ಮುಂದಿನ ಗೋಡೆ ತೋರಿಸಿ, ಇದು ನೂರು ವರ್ಷದ ಇಟ್ಟಿಗೆ ಎಂದಿದ್ದ. ಅಂದಿನಿಂದ ಮೋಹನದಾಸರು ತಮ್ಮ ಹೋಟೆಲಿನಲ್ಲಿ ದೋಸೆ ತಿಂದವರಿಗೆಲ್ಲ ಇಟ್ಟಿಗೆಯ ಕಥೆಯನ್ನೂ ಬಡಿಸುತ್ತಿದ್ದರು. ಈಗ ಮಗಳು ಯಶ್ಮಿತಾಳನ್ನು ನೋಡಲು ಸಂಜೆ ನಾಲ್ಕಕ್ಕೆ ಮುಂಬೈಯಿಂದ ರಕ್ಷಿತ ಎಂಬ ಹುಡುಗ ಬರುವವನಿದ್ದ, ಜೊತೆಗೆ ಅವನ ದೊಡ್ಡಪ್ಪ ಮಧುಕರ. ಅವರಿಗೂ ಫೋನಿನಲ್ಲಿ ಮುಕ್ಕಾಲು ಗಂಟೆ ಇಟ್ಟಿಗೆಯನ್ನೇ ಕೊರೆದಾಗಿತ್ತು. ಮಧುಕರರಿಗೆ ಸುಳ್ಳೆಂದರೆ ಆಗದು. ಹಿಂದೆ ಬೇರೊಬ್ಬ ಹುಡುಗಿಯ ಅಪ್ಪ ತನ್ನ ವಯಸ್ಸನ್ನು ಎರಡು ವರ್ಷ ಕಡಿಮೆ ಹೇಳಿದ ಎಂದು ಒಂದು ಸಂಬಂಧವನ್ನೇ ಬಿಟ್ಟಿದ್ದರಂತೆ!

"ಗೋಡೆ ಮುಟ್ಟುವುದು ಬೇಡ ಮಾರಾಯ್ರೆ. ನೀವು ಹೋಟೆಲಿಗೆ ಹೋಗಿ, ನಾನು ನೋಡಿಕೊಳ್ತೇನೆ," ಎಂದಳು ಹೆಂಡತಿ ಲೀಲಾಕ್ಷಿ.

ಕೇಳುವವರಾರು? ಬಿಸಿನೀರಿಗೆ ಸೋಡಾ ಬಿತ್ತು, ತೆಂಗಿನ ನಾರಿನ ಬ್ರಷ್ ಏರಿತು. ಕೆಂಪು ನೀರು ಹೊಳೆಯಾಗಿ ಹರಿಯಿತು. ನೂರು ವರ್ಷದ ಕೊಳೆ ಹೋಗುತ್ತಿದೆ ಎಂದು ಮೋಹನದಾಸರು ಹಿಗ್ಗಿದರು. ಕೊಳೆಗೆ ಇಟ್ಟಿಗೆಯದೇ ಬಣ್ಣ ಯಾಕೆ ಎಂದು ಲೀಲಾಕ್ಷಿ ಕಿಟಕಿಯಿಂದ ಕೇಳಿದಳು. ಹಳೆಯ ಕೊಳೆ ಹಾಗೇ ಇರುತ್ತದೆ ಎಂದು ಅವರು ತಿಳಿಹೇಳಿದರು.

ಹತ್ತು ಗಂಟೆಗೆ ಇಟ್ಟಿಗೆಗಳ ನಡುವಿನ ಬಿಳಿ ಗೆರೆಗಳೂ ಕರಗಿ ಹೋದವು. ಹನ್ನೊಂದಕ್ಕೆ ಉಳಿದದ್ದು ಬೋಳು ಸಿಮೆಂಟು! ಇಟ್ಟಿಗೆಯೆಂದರೆ ಕಾವಿ ಬಣ್ಣದ ಮೇಲೆ ಸುಣ್ಣದಲ್ಲಿ ಎಳೆದ ಗೆರೆ. ಕೈಗೆಟುಕದ ಮೇಲ್ಭಾಗದಲ್ಲಿ ಮಾತ್ರ ನೂರು ವರ್ಷದ ಇಟ್ಟಿಗೆಗಳು ಕೆಳಗೆ ಆಧಾರವಿಲ್ಲದೆ ನಿಂತಿದ್ದವು.

ಮೋಹನದಾಸರು ಮೆಟ್ಟಿಲ ಮೇಲೆ ಕುಸಿದು ಕೂತರು. ಇಟ್ಟಿಗೆಯೇ ಸುಳ್ಳಾದರೆ ಮಧುಕರರು ಮಿಕ್ಕ ಯಾವ ಮಾತನ್ನು ನಂಬಿಯಾರು? ರಕ್ಷಿತನ ಫೋಟೋವನ್ನು ಮಗಳು ನಾಲ್ಕು ಸಲ ನೋಡಿದ್ದಳು.

ಲೀಲಾಕ್ಷಿ ಏನೂ ಆಗದವಳಂತೆ ಪೇಂಟರ್ ಲಾಲಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಈಗಲೇ ಬರಬೇಕೆಂದಾಗ ಅವನಿಗೆ ಆಶ್ಚರ್ಯವೋ ಆಶ್ಚರ್ಯ.

"ಈ ವರ್ಷ ಇಷ್ಟು ಲಗೂ ಯಾಕ್ರಿ ಅಕ್ಕಾರ? ದೀಪಾವಳಿ ಇನ್ನೂ ಭಾಳ ದೂರ ಅದ. ಸಾಹುಕಾರ್ರು ಹೋಟೆಲಿಗೆ ಹೋಗ್ಯಾರಲ್ರಿ? ಅವರಿದ್ದಾಗ ಇಟ್ಟಂಗಿ ಬರಿಯೂದು ಬ್ಯಾಡ ಅಂತ ನೀವ ಹೇಳೀರಿ."

ಮೋಹನದಾಸರ ಕೈಯಿಂದ ಬ್ರಷ್ ಜಾರಿತು. "ಹನ್ನೊಂದು ವರ್ಷದಿಂದಲಾ?"

"ನೀವು ಅಷ್ಟು ಖುಷಿಯಲ್ಲಿ ಹೇಳಿಕೊಳ್ಳುವಾಗ ಅಲ್ಲ ಅನ್ನುವುದು ಹೇಗೆ? ಏಳಿ, ಬಕೆಟ್ ಹಿಡಿಯಿರಿ."

ಹಿಡಿದರು! ಲಾಲಪ್ಪನ ಏಣಿಯ ಕೆಳಗೆ ಮೂರೂವರೆ ಗಂಟೆ ಹಿಡಿದೇ ನಿಂತರು. ಕೊನೆಯ ಗೆರೆ ಎಳೆದು ಅವನು ಹಿತ್ತಲಿನಿಂದ ಜಾರಿಕೊಳ್ಳುವುದಕ್ಕೂ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಬಿಳಿ ಶರಟಿನ ಮಧುಕರರು ಯಾರನ್ನೂ ಮಾತಾಡಿಸದೆ ನೇರವಾಗಿ ಗೋಡೆಯ ಬಳಿಗೆ ನಡೆದರು. ನೂರು ವರ್ಷದ್ದು ಎಂದಿರಲ್ಲ, ಇದೇಯಾ ಎಂದು ಕೇಳಿ, ಭಕ್ತಿಯಿಂದ ಅಂಗೈ ಚಾಚಿದರು. ಮೋಹನದಾಸರು ಹೆಂಡತಿಯನ್ನು ನೋಡಿದರು. ಬಾಗಿಲ ಪರದೆಯ ಹಿಂದೆ ಮಗಳ ಕಾಲು ಕಂಡಿತು. ಹೌದು ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಮುಟ್ಟಬೇಡಿ ಮಧುಕರಣ್ಣ," ಎಂದರು, "ಇನ್ನೂ ಒಣಗಿಲ್ಲ."