ಆರು ತಂತಿ, ಹದಿನೆಂಟು ಸೆಕೆಂಡು

ಸಂಸ್ಥೆಯ ಅಧ್ಯಕ್ಷರ ಸೊಸೆಗೆ ನೆಗಡಿಯಾಗಿದ್ದು ಶನಿವಾರ ಬೆಳಿಗ್ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಅದರ ಪೆಟ್ಟು ಬಿದ್ದಿದ್ದು ಶಾಲೆಯ ಗಿಟಾರ್ ಮೇಷ್ಟರಿಗೆ.

"ಅವರ ಗಂಟಲು ಕೂತಿದೆಯಂತೆ. ಶ್ರುತಿ ಒಂದು ಮನೆ ಇಳಿಸ್ಬೇಕಂತೆ," ಎಂದರು ಹೆಡ್‌ಮಿಸ್ಟ್ರೆಸ್. "ಸಂಜೆ ವಾರ್ಷಿಕೋತ್ಸವದಲ್ಲಿ ಅವರದು ಎರಡನೇ ಹಾಡು. ಮೊದಲನೇದು ಮಕ್ಕಳ ಶಾಲಾಗೀತೆ, ಅದು ಇದ್ದ ಹಾಗೇ ಇರ್ಲಿ."

"ಮೇಡಂ, ನನ್ನ ಹತ್ರ ಇರೋದು ಒಂದೇ ಎಲೆಕ್ಟ್ರಿಕ್ ಗಿಟಾರ್. ಎರಡು ಹಾಡಿನ ಮಧ್ಯೆ ಆರೂ ತಂತಿ ಸಡಿಲಿಸಿ ಮತ್ತೆ ಕೂರಿಸ್ಬೇಕು..."

"ಕೂರ್ಸಿ. ಒಂದು ನಿಮಿಷ ಸಾಲಲ್ವಾ? ಕಾಯಂ ಹುದ್ದೆಯ ಫೈಲು ಇವತ್ತು ಅಧ್ಯಕ್ಷರ ಬ್ಯಾಗಲ್ಲೇ ಇದೆ, ನೆನಪಿರ್ಲಿ."

ಮೇಷ್ಟರು ತಾತ್ಕಾಲಿಕವಾಗಿ ಸೇರಿ ಒಂಬತ್ತು ವರ್ಷವಾಗಿತ್ತು. ಅವರ ನಂತರ ಸೇರಿದ ಗೇಟಿನ ಕಾವಲುಗಾರ ಕಾಯಂ ಆಗಿ, ನಿವೃತ್ತನೂ ಆಗಿದ್ದ.

ಸುದ್ದಿ ಸ್ಟಾಫ್ ರೂಮಿಗೆ ತಲುಪಿದ್ದೇ ತಡ, ಉಪಕಾರಿಗಳು ಎದ್ದು ನಿಂತರು. ವಿಜ್ಞಾನದ ಟೀಚರು, "ಬಿರಡೆ ಎಷ್ಟು ತಿರುಗಿಸ್ಬೇಕೋ ಅಷ್ಟಕ್ಕೆ ಗುರುತು ಹಾಕ್ಬಿಡೋಣ" ಎಂದು ಆರೂ ಬಿರಡೆಗಳಿಗೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟರು. ಡ್ರಿಲ್ ಮಾಸ್ತರು ಸೀಟಿ ಊದಿ, ಓಟದ ಪಂದ್ಯದ ಗಡಿಯಾರ ಒತ್ತಿದರು. ಒಂದು ತಂತಿ ಇಳಿಸಿದರೆ ಉಳಿದವು ಮುನಿಸಿಕೊಂಡ ನಾದಿನಿಯರ ಹಾಗೆ ಸೆಟೆದುಕೊಳ್ಳುತ್ತಿದ್ದವು. ಮೊದಲ ಸಲ ಎಪ್ಪತ್ತು ಸೆಕೆಂಡು. ಹತ್ತನೇ ಸಲ ನಲವತ್ತು.

"ಇನ್ನೂ ಬೇಗ, ಗುರುವೇ! ಕೊನೇ ಸುತ್ತು!"

ಸಂಜೆ ನಿರೂಪಣೆ ಭಾಷಾ ಪಂಡಿತರದ್ದು. "ಚಿಂತೆ ಬಿಡಿ ಮೇಷ್ಟ್ರೇ, ಮಧ್ಯದಲ್ಲಿ ನಾನು ಎರಡು ನಿಮಿಷ ಎಳೀತೀನಿ" ಎಂದು ಅಭಯ ಕೊಟ್ಟಿದ್ದರು. ಅವರ ಎರಡು ನಿಮಿಷ ಎಂದೂ ಅರ್ಧ ಗಂಟೆಗೆ ಕಡಿಮೆಯಿರಲಿಲ್ಲವಾದ್ದರಿಂದ ಮೇಷ್ಟರು ನಿಶ್ಚಿಂತರಾದರು.

ಶಾಲಾಗೀತೆ ಮುಗಿಯಿತು. ಪಂಡಿತರು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಪಿಸುಗುಟ್ಟಿದರು: "ಅಧ್ಯಕ್ಷರು ಗಡಿಯಾರ ನೋಡ್ತಿದಾರೆ. ಚುಟುಕಾಗಿ ಮುಗ್ಸಿ." ಪಂಡಿತರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದೇ ವಾಕ್ಯದಲ್ಲಿ ಮಾತು ಮುಗಿಸಿದರು.

ಮೇಷ್ಟರ ಪರದಾಟ ಜನಕ್ಕೆ ಕಾಣಬಾರದೆಂದು ಡ್ರಿಲ್ ಮಾಸ್ತರು ವೇದಿಕೆಯ ದೀಪ ಆರಿಸಿಬಿಟ್ಟರು. ಕತ್ತಲಲ್ಲಿ ಕೆಂಪು ಚುಕ್ಕೆಗಳು ಕಾಣದಾದವು. ಶ್ರುತಿ ತೋರಿಸುವ ಪುಟ್ಟ ಯಂತ್ರಕ್ಕೆ ತಡಕಾಡಿದರೆ ಅದು ಜಾರಿ ಕೆಳಗೆ ಬಿತ್ತು. ಮರುಕ್ಷಣ ಅದರ ಮೇಲೆ ಯಾರದೋ ಬೂಟು ಬಿದ್ದ ಸದ್ದು. "ಅಯ್ಯೋ, ಏನದು?" ಎಂದಿತು ಡ್ರಿಲ್ ಮಾಸ್ತರ ದನಿ.

ಮೇಷ್ಟರು ಗಿಟಾರಿನ ಧ್ವನಿ ಪೂರ್ತಿ ಇಳಿಸಿದರು. ಅದರ ಮರದ ಮೈಗೆ ಕಿವಿಯೊತ್ತಿದರು. ಒಂಬತ್ತು ವರ್ಷ ಆ ಸಂಬಳಕ್ಕೆ ಆ ತಂತಿಗಳ ಜೊತೆ ಬಾಳಿದ್ದೇನು ಸುಮ್ಮನೆಯೇ? ಬೆರಳು ತಾನಾಗಿ ತಿರುಗಿತು: ಒಂದಿಷ್ಟು ಹೆಚ್ಚೇ ಸಡಿಲ, ಮತ್ತೆ ಕೊಂಚ ಬಿಗಿ. ಮರದೊಳಗೆ ಒಂದೊಂದೇ ಸ್ವರ ಬಂದು ಕೂತಿತು. ದೀಪ ಹತ್ತಿದಾಗ ಆರೂ ತಂತಿ ಸಿದ್ಧ. ಸೊಸೆಯ ಹಾಡು ಹರಿಯಿತು, ಚಪ್ಪಾಳೆಯೂ ಬಿತ್ತು. ಆ ಹೊತ್ತಿನಲ್ಲಿ ಮೇಷ್ಟರಿಗೆ ತಾವು ಇಷ್ಟು ವರ್ಷ ಕೊರಗಿದ್ದೇ ಸುಮ್ಮನೆ ಎನಿಸಿತು.

ಕಾರ್ಯಕ್ರಮ ಮುಗಿದ ಮೇಲೆ ಅಧ್ಯಕ್ಷರೇ ಪರದೆಯ ಹಿಂದೆ ಬಂದರು.

"ಏನ್ರೀ ಮೇಷ್ಟ್ರೇ, ಹದಿನೆಂಟು ಸೆಕೆಂಡು! ಗಡಿಯಾರ ಹಿಡ್ಕೊಂಡೇ ಕೂತಿದ್ದೆ. ಅದೂ ಕತ್ತಲಲ್ಲಿ! ನಿಮ್ಮನ್ನ ಬಿಡೋ ಮಾತೇ ಇಲ್ಲ. ಇವತ್ತಿಂದ ನೀವು ಕಾಯಂ."

ಮೇಷ್ಟರ ಕಣ್ಣು ತುಂಬಿತು. "ಸಾರ್, ಸಂಗೀತ ಶಿಕ್ಷಕ..."

"ಛೇ ಛೇ, ಅದಲ್ಲ. ನುಡಿಸೋರು ಬೀದಿಗೊಬ್ರು ಸಿಗ್ತಾರೆ ಕಣ್ರೀ, ಹೀಗೆ ಶ್ರುತಿ ಮಾಡೋರು ಎಲ್ಲಿ ಸಿಗ್ತಾರೆ? ಮುಂದಿನ ವಾರ ನಲವತ್ತು ಗಿಟಾರ್ ಬರ್ತಿವೆ. ನೀವು ವಾದ್ಯಗಳ ಉಗ್ರಾಣ ನೋಡ್ಕೊಳ್ಳಿ. ಪಾಠಕ್ಕೆ ನಮ್ಮ ಸೊಸೆ ಇದಾಳಲ್ಲ."

ಉಗ್ರಾಣದ ಬೀಗದ ಕೈ ಮೇಷ್ಟರ ಅಂಗೈಗೆ ಬಿತ್ತು. ಸೊಸೆ ಮೂಗೊರೆಸಿಕೊಳ್ಳುತ್ತಾ ನಯವಾಗಿ ನಕ್ಕಳು.

"ಸೋಮವಾರ ಎಂಟಕ್ಕೆ ನನ್ನ ಮೊದಲ ಕ್ಲಾಸು. ಏಳೂವರೆಗೇ ಬಂದು ನನ್ನ ಗಿಟಾರ್ ಶ್ರುತಿ ಮಾಡಿಟ್ಟಿರ್ತೀರಾ? ನಂಗದು ಬರಲ್ಲ. ಹಾಗೇ, ಮೊದಲ ಪಾಠ ಏನು ಮಾಡ್ಬೇಕೂಂತ ಒಂದು ಚೀಟೀಲಿ ಬರೆದಿಡಿ."

"ಆಗ್ಲಿ, ಮೇಡಂ," ಎಂದರು ಮೇಷ್ಟರು.