ಎಂಟು ಹಿಡಿಯುವ ಡ್ರೈಯರ್

ಅಮರೇಶ ಮಾಸ್ತರರ ಕಷ್ಟ ಶುರುವಾದದ್ದು ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಕರಿ ಚುಕ್ಕೆಯಿಂದ.

ಮಾನ್ವಿಯಲ್ಲಿ ಅವರ ಮನೆಯ ಹಿಂದೆಯೇ ಸಿದ್ರಾಮನ ಅಕ್ಕಿ ಮಿಲ್ಲು. ಅದರ ಚಿಮಣಿಯಿಂದ ಹಾರುವ ಹೊಟ್ಟಿನ ಬೂದಿ ಇಂಥವರ ಬಟ್ಟೆ, ಅಂಥವರ ಬಟ್ಟೆ ಎಂದು ಭೇದ ಮಾಡುವುದಿಲ್ಲ. ಆ ಭಾನುವಾರ ಬೆಳಿಗ್ಗೆ ಅದು ಮಾಸ್ತರರ ಹೆಂಡತಿ ರಾಧಾಳ ಬಿಳಿ ಯೂನಿಫಾರ್ಮಿನ ಕಾಲರಿನ ಮೇಲೆ ಕೂತಿತ್ತು. ರಾಧಾ ಆಸ್ಪತ್ರೆಯಲ್ಲಿ ನರ್ಸು.

"ಹೋದ ಸಲ ದೊಡ್ಡ ಡಾಕ್ಟರು ಎಲ್ಲಾರ ಮುಂದ ಕೇಳಿದ್ರು, ಸಿಸ್ಟರ್, ಒಲಿ ಊದಿ ಬಂದೀರೇನು ಅಂತ," ಅಂದಳು ರಾಧಾ. "ನಾಳಿ ಜಿಲ್ಲಾದಿಂದ ತಪಾಸಣೆಗೆ ಬರಾಕತ್ತಾರ. ಸಂಜಿ ಅನ್ನೋದ್ರಾಗ ಒಗಿಯೋದು, ಒಣಗ್ಸೋದು ಎರಡೂ ಮಾಡೋ ಮಷೀನ್ ಮನ್ಯಾಗ ಇರಬೇಕು. ಇಲ್ಲಂದ್ರ ಇನ್ ಮ್ಯಾಲ ನನ್ನ ಯೂನಿಫಾರ್ಮ್ ನೀವೇ ಒಗೀರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ, ತಣ್ಣಗೆ ಹೇಳಿದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಮಾಸ್ತರರು ಅವಳ ಸಿಟ್ಟಿಗೆ ಒಗ್ಗಿಕೊಂಡಿದ್ದರು, ತಣ್ಣನೆಯ ಮಾತಿಗೆ ಒಗ್ಗಿರಲಿಲ್ಲ. ಹತ್ತನೆಯ ತರಗತಿಗೆ ಗಣಿತ ಕಲಿಸುವ ಆ ಕೈಗಳು ಇದುವರೆಗೆ ಒಂದು ಕರ್ಚೀಫನ್ನೂ ಒಗೆದಿರಲಿಲ್ಲ. ರಾಧಾ ಡ್ಯೂಟಿಗೆ ಹೊರಟ ಹತ್ತೇ ನಿಮಿಷಕ್ಕೆ ಅವರು ಬಸ್ ಸ್ಟ್ಯಾಂಡಿನಲ್ಲಿದ್ದರು.

ಅಲ್ಲಿ ಪಕ್ಕದ ಮನೆಯ ಮಲ್ಲಯ್ಯ ಸಿಕ್ಕರು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತಿಯಾದವರು. ನೌಕರಿ ಹೋಗಿತ್ತು, ಕಂಡವರನ್ನೆಲ್ಲ ಎಲ್ಲಿಗೆ ಎಂದು ಕೇಳುವ ಚಟ ಹೋಗಿರಲಿಲ್ಲ.

"ಎಲ್ಲಿಗ್ರಿ ಮಾಸ್ತರ್ರ?"

"ರಾಯಚೂರಿಗೆ ರೀ ಕಾಕಾ. ಡ್ರೈಯರ್ ತರಾಕ."

"ಡ್ರೈಯರ್ರಾ? ಎಷ್ಟು ಹಿಡಿತದ ರೀ?"

"ಎಂಟು."

"ಮನ್ಯಾಗ ಇರೋರು ಇಬ್ಬರು. ಎಂಟು ಯಾಕ್ರೀ?"

"ಮಂದಿ ಬಂದ್ರ ಅವರದೂ ಹಾಕಬೇಕಲ್ರೀ," ಎನ್ನುತ್ತಾ ಮಾಸ್ತರರು ಬಸ್ ಹತ್ತಿದರು.

ಮಾಸ್ತರರು ಹೇಳಿದ್ದು ಎಂಟು ಕಿಲೋ. ಮಲ್ಲಯ್ಯನವರು ಕೇಳಿಸಿಕೊಂಡದ್ದು ಎಂಟು ಟನ್. ತಪ್ಪು ಅವರದಲ್ಲ. ಮಾನ್ವಿ, ಸಿರವಾರದ ಕಡೆ ಡ್ರೈಯರ್ ಎಂದರೆ ಒಂದೇ: ಮಿಲ್ಲಿನ ಅಂಗಳದಲ್ಲಿ ಎತ್ತರಕ್ಕೆ ನಿಂತು ಹಸಿ ಭತ್ತ ಒಣಗಿಸುವ ತಗಡಿನ ಯಂತ್ರ. ಎಂಟು ಕಿಲೋ ಒಣಗಿಸುವುದಕ್ಕೆ ಅಲ್ಲಿ ಯಾರೂ ಬಸ್ ಹತ್ತುವುದಿಲ್ಲ.

ಅದೂ ಆ ವಾರವೇ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದು ಕಣದಲ್ಲಿದ್ದ ಭತ್ತವೆಲ್ಲ ತೊಯ್ದು ಹೋಗಿತ್ತು. ಸುತ್ತಲಿನ ಡ್ರೈಯರುಗಳೆಲ್ಲ ಭರ್ತಿ. ಸಿದ್ರಾಮನದಂತೂ ಶುರುವಾಗುತ್ತಿದ್ದದ್ದೇ ರಾತ್ರಿ ಹತ್ತಕ್ಕೆ. ಅದರ ಮೋಟರು ಎದ್ದರೆ ವೋಲ್ಟೇಜ್ ಇಳಿದು ಬೀದಿಯ ಬಲ್ಬುಗಳೆಲ್ಲ ಕೆಂಪಗಾಗುತ್ತಿದ್ದವು. ಹತ್ತರ ಮೇಲಾದರೆ ಮಂದಿ ಮಲಗಿರುತ್ತಾರೆ, ಕೇಳುವವರಿಲ್ಲ. ಹೀಗೆ ರಾತ್ರಿಯಷ್ಟೇ ನಡೆಯುವುದರಿಂದ ರೈತರು ಮೂರು ಮೂರು ದಿನ ಸರದಿ ಕಾಯಬೇಕಿತ್ತು. ಮಲ್ಲಯ್ಯ ಪರೋಪಕಾರಿ ಮನುಷ್ಯ. ಫೋನ್ ತೆಗೆದು ಗೊತ್ತಿದ್ದವರಿಗೆಲ್ಲ ಸುದ್ದಿ ಮುಟ್ಟಿಸಿದರು.

ಇತ್ತ ರಾಯಚೂರಿನ ಅಂಗಡಿಯಲ್ಲಿ ಸೇಲ್ಸ್‌ಮನ್ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದ. "ಸರ, ನಮ್ಮೂರ ಬಿಸಲಾಗ ಬಟ್ಟಿ ಹಗ್ಗಕ್ಕ ಹಾಕೋದ್ರಾಗ ಒಣಗ್ತದ. ಡ್ರೈಯರ್ ಕೇಳಿದವರು ನೀವೇ ಮೊದಲು," ಅಂದ.

ಮೇಲೆ ಮುಚ್ಚಳವಿದ್ದದ್ದು, ಮುಂದೆ ಬಾಗಿಲಿದ್ದದ್ದು, ಬರೀ ಒಗೆಯುವುದು, ಬರೀ ಒಣಗಿಸುವುದು, ಎರಡನ್ನೂ ಮಾಡುವುದು ಎಂದು ಅವನು ಸಾಲಾಗಿ ತೋರಿಸಿದ. ಮಾಸ್ತರರು ಪ್ರತಿಯೊಂದರ ಸುತ್ತಲೂ ಪ್ರದಕ್ಷಿಣೆ ಹಾಕಿದರು. ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು ಅಂದರೆ ಒಂದು ಅಂಗಿ ಮಾನ್ವಿಯಿಂದ ಎಲ್ಲಿಯವರೆಗೆ ಹೋದಂತಾಯಿತು ಎಂದು ಲೆಕ್ಕ ಹಾಕಿ ಸೇಲ್ಸ್‌ಮನ್‌ಗೂ ವಿವರಿಸಿದರು. ಎರಡು ತಾಸಿನ ಮೇಲೆ, ಮುಂದೆ ಗಾಜಿನ ಬಾಗಿಲಿದ್ದ ಎರಡೂ ಮಾಡುವ ಮಷೀನನ್ನು ಒಪ್ಪಿದರು.

"ಕರೆಂಟ್ ಮಾತ್ರ ಗಟ್ಟಿ ಇರಬೇಕು ಸರ," ಅಂದ ಸೇಲ್ಸ್‌ಮನ್. "ವೋಲ್ಟೇಜ್ ಇಳದ್ರ ನಿಂತ ಬಿಡ್ತದ. ಬಾಗಲಾನೂ ತೆಗೆಯಾಂಗಿಲ್ಲ."

ಮಾಸ್ತರರು ನಕ್ಕರು. ಮಿಲ್ಲಿನ ಮೋಟರು ಏಳುವುದು ರಾತ್ರಿ ಹತ್ತಕ್ಕೆ, ಅಷ್ಟರಲ್ಲಿ ತಮ್ಮ ಬಟ್ಟೆ ಒಣಗಿ, ಮಡಚಿ, ಕಪಾಟು ಸೇರಿರುತ್ತದೆ ಎಂದು ಅವನಿಗೇ ಧೈರ್ಯ ಹೇಳಿದರು.

ಆಗಲೇ ರಾಧಾಳ ತಮ್ಮ ಅಂಬಣ್ಣನ ಫೋನು ಬಂತು. ದೇವದುರ್ಗ ತಾಲೂಕಿನ ಮಸರಕಲ್‌ನಲ್ಲಿ ಅವನ ಒಕ್ಕಲುತನ.

"ಮಾವಾರ, ಡ್ರೈಯರ್ ತರಾಕತ್ತೀರಂತ. ನಮ್ಮದೂ ಹಾಕ್ತೀರೇನು?"

"ನಿಂದು ಹಾಕ್ದ ಇನ್ಯಾರದು ಹಾಕಲಿ? ತಗೊಂಡು ಬಾ."

"ನಮ್ಮದು ಪೂರಾ ತೋಯ್ದದ ರೀ."

"ಇನ್ನೂ ಚಲೋ ಆತು, ತೋಯ್ಸೋ ಕೆಲಸ ಉಳೀತು," ಅಂದರು ಮಾಸ್ತರರು. ಅವರ ಕಣ್ಣ ಮುಂದಿದ್ದದ್ದು ಎರಡು ಅಂಗಿ, ಒಂದು ಧೋತರ.

ಪೀರಾ ಸಾಬನ ಟೆಂಪೋದಲ್ಲಿ ಮಷೀನ್ ಏರಿಸಿಕೊಂಡು ಸಂಜೆ ಐದಕ್ಕೆ ಅವರು ಮನೆ ಮುಟ್ಟಿದಾಗ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ನಾಲ್ಕು ಟ್ರ್ಯಾಕ್ಟರ್, ಟ್ರಾಲಿಗಳ ತುಂಬ ಹಸಿ ಭತ್ತ. ಮೊದಲನೆಯದರ ಮೇಲೆ ಅಂಬಣ್ಣ, ಹಿಂದೆ ಗಬ್ಬೂರಿನ ರೈತರು. ಮಲ್ಲಯ್ಯ ಬಹಳ ದಿನದ ಮೇಲೆ ಬಾಯಲ್ಲಿ ಸೀಟಿ ಇಟ್ಟುಕೊಂಡು ಗಾಡಿ ಹಿಂದಕ್ಕೆ ಮುಂದಕ್ಕೆ ಮಾಡಿಸುತ್ತಿದ್ದರು.

ಟೆಂಪೋದಿಂದ ಇಳಿದ ಪೆಟ್ಟಿಗೆಯನ್ನು ಗಬ್ಬೂರಿನ ಮುದುಕನೊಬ್ಬ ತಟ್ಟಿ ನೋಡಿ, ಇದು ಮೀಟರಿನ ಪೆಟ್ಟಿಗೆ ಇರಬೇಕು, ಡ್ರೈಯರ್ ಹಿಂದಿನಿಂದ ಲಾರಿಯಲ್ಲಿ ಬರುತ್ತದೋ ಎಂದು ವಿಚಾರಿಸಿದ. ಮಾಸ್ತರರಿಗೆ ಆಗ ಎಲ್ಲವೂ ಹೊಳೆಯಿತು. ಪೆಟ್ಟಿಗೆ ಬಿಚ್ಚಿ, "ಇದು ಬಟ್ಟಿದು ರೀ," ಎಂದು ಸಣ್ಣ ದನಿಯಲ್ಲಿ ಹೇಳಿದರು.

ಅಂಬಣ್ಣ ಗಾಜಿನ ಬಾಗಿಲು ತೆಗೆದು ಒಳಗೆ ಕೈಯಿಟ್ಟು ಅಳೆದ. "ಮಾವಾರ, ಇದರಾಗ ಒಂದು ಪುಟ್ಟಿ ಭತ್ತ ಹಿಡಿಯಂಗಿಲ್ಲ," ಅಂದ. ಅವನು ನಗಲಿಲ್ಲ. ಇನ್ನೆರಡು ದಿನ ಹೀಗೇ ಬಿಟ್ಟರೆ ಟ್ರಾಲಿಯಲ್ಲೇ ಮೊಳಕೆ ಬರುವ ಭತ್ತ ಅದು.

ಅಷ್ಟರಲ್ಲಿ ಸಿದ್ರಾಮ ಬಂದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಎಲ್ಲೂ ಒಂದು ಚುಕ್ಕೆಯಿಲ್ಲ. ಅವನ ಮನೆ ಊರಿನ ಆ ಕಡೆ, ಬೂದಿ ಅಲ್ಲಿಯವರೆಗೆ ಹಾರುವುದಿಲ್ಲ. ತನ್ನ ಮಿಲ್ಲು ಬಿಟ್ಟು ಮಾಸ್ತರರ ಬಾಗಿಲಿಗೆ ಬಂದ ನಾಲ್ಕು ಟ್ರ್ಯಾಕ್ಟರ್ ನೋಡಿ ಅವನ ಮುಖ ಬಾಡಿತು. ಮಲ್ಲಯ್ಯ ಚಟ್ಟನೆ ಪೆಟ್ಟಿಗೆಯ ರಟ್ಟು ಮುಚ್ಚಿ ಅದರ ಮುಂದೆ ನಿಂತರು.

"ಎಂಟು ಹಿಡಿತದ," ಅಂದರು ಗಂಭೀರವಾಗಿ. "ನಾಳಿಯಿಂದ ಹಗಲೂ ರಾತ್ರಿ ಚಾಲೂ."

ಸಿದ್ರಾಮ ಮಾಸ್ತರರ ಎರಡೂ ಕೈ ಹಿಡಿದುಕೊಂಡ. "ಸರ, ನೀವು ಪಾಠ ಹೇಳೋ ಮಂದಿ, ನಿಮಗ್ಯಾಕ ಈ ಧಂದೆ? ಇವತ್ತಿನಿಂದ ನನ್ನ ಡ್ರೈಯರ್ ಹಗಲೂ ರಾತ್ರಿ ನಡೀತದ. ಯಾರನ್ನೂ ಕಾಯಸಂಗಿಲ್ಲ. ನಿಮಗ ಮಾತು ಕೊಡ್ತೀನಿ."

ಮಾಸ್ತರರು ನಿಜ ಹೇಳಲು ಬಾಯಿ ತೆರೆದರು. ಅಂಬಣ್ಣ ಅವರ ಕಾಲು ತುಳಿದ. "ಆಗ್ಲಿ ರೀ," ಎಂದುಬಿಟ್ಟರು.

ಟ್ರ್ಯಾಕ್ಟರುಗಳು ಒಂದೊಂದಾಗಿ ಮಿಲ್ಲಿನ ಕಡೆ ತಿರುಗಿದವು. ಗಬ್ಬೂರಿನ ಮುದುಕ ಹೋಗುವ ಮುಂಚೆ ಮಾಸ್ತರರಿಗೆ ಕೈ ಮುಗಿದ. ಇಪ್ಪತ್ತು ವರ್ಷ ಪಾಠ ಹೇಳಿದರೂ ಅಷ್ಟು ಭಕ್ತಿಯಿಂದ ಯಾರೂ ಅವರಿಗೆ ಕೈ ಮುಗಿದಿರಲಿಲ್ಲ.

ಆರಕ್ಕೆ ರಾಧಾ ಬಂದಾಗ ಮಷೀನ್ ಬಚ್ಚಲಲ್ಲಿ ಕೂತಿತ್ತು. ಅವಳು ಅದರ ಮೈ ಸವರಿ, ಎಷ್ಟೋ ದಿನದ ಮೇಲೆ ಗಂಡನನ್ನು ನೋಡಿ ನಕ್ಕಳು. ಮೈಮೇಲಿದ್ದ ಯೂನಿಫಾರ್ಮನ್ನೂ ಬದಲಿಸಿ, ಇದ್ದ ಎರಡನ್ನೂ ಒಳಗೆ ಹಾಕಿದಳು. ಗಂಡ ಹೆಂಡತಿ ಇಬ್ಬರೂ ಮಣೆ ಹಾಕಿಕೊಂಡು ಗಾಜಿನ ಮುಂದೆ ಕೂತರು. ನೀರು ತುಂಬಿತು, ನೊರೆ ಎದ್ದಿತು, ಬಿಳಿ ತೋಳುಗಳು ಮೇಲೆ ಕೆಳಗೆ ತಿರುಗಿದವು. ಮಾಸ್ತರರು ಸಂಜೆಯ ಕತೆಯನ್ನು ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತಿದ್ದರು.

ಹಿಂದಿನ ಮಿಲ್ಲಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಬಚ್ಚಲ ಬಲ್ಬು ಕೆಂಪಗಾಯಿತು. ಮಷೀನ್ ಒಮ್ಮೆ ನರಳಿ ನಿಂತಿತು.

ಮಾಸ್ತರರು ಗಾಜಿನ ಬಾಗಿಲು ಎಳೆದರು, ಬರಲಿಲ್ಲ. ರಾಧಾ ಎಳೆದಳು, ಬರಲಿಲ್ಲ. ನೊರೆಯೊಳಗಿನ ಒಂದು ತೋಳು ಗಾಜಿಗೆ ಅಂಟಿಕೊಂಡು ಅವರನ್ನೇ ನೋಡುತ್ತಿದ್ದಂತಿತ್ತು. ಮಾಸ್ತರರು ಸಿದ್ರಾಮನಿಗೆ ಫೋನ್ ಹಚ್ಚಿ, ಡ್ರೈಯರ್ ಒಂದು ತಾಸು ನಿಲ್ಲಿಸಬೇಕೆಂದು ಬೇಡಿಕೊಂಡರು. ಮಿಲ್ಲಿನ ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ ಏನೋ.

"ಚಿಂತಿ ಮಾಡಬ್ಯಾಡ್ರಿ ಸರ," ಅಂದ ಸಿದ್ರಾಮ. "ಮೊದಲು ನಿಮ್ಮ ಅಂಬಣ್ಣಂದೇ ಹಾಕೀನಿ. ನಿಮಗ ಮಾತು ಕೊಟ್ಟ ಮ್ಯಾಲ ಆತು. ಒಂದು ತಾಸಲ್ಲ, ಒಂದು ನಿಮಿಷನೂ ನಿಲ್ಸಂಗಿಲ್ಲ."

ರಾಧಾ ಟ್ರಂಕಿನ ತಳದಿಂದ ತಾನು ಟ್ರೇನಿಂಗಿನಲ್ಲಿದ್ದಾಗಿನ ಹಳೆಯ ಯೂನಿಫಾರ್ಮ್ ತೆಗೆದು, ಅದರ ಮೇಲೊಂದು ಬಟ್ಟೆ ಒಗೆಯುವ ಸಬಕಾರ ಇಟ್ಟು, ತಣ್ಣಗೆ ಗಂಡನ ಕೈಗೆ ಕೊಟ್ಟಳು.

ಏಳೂವರೆಗೆ ಮಾಸ್ತರರು ತಾವೇ ಒಗೆದ ಯೂನಿಫಾರ್ಮಿನ ಬಕೀಟು ಹಿಡಿದು ಮಾಳಿಗೆ ಹತ್ತಿದರು. ಪಕ್ಕದ ಮಾಳಿಗೆಯ ಮೇಲೆ ಮಲ್ಲಯ್ಯ ಅಡ್ಡಾಡುತ್ತಿದ್ದರು.

"ಎಲ್ಲಿಗ್ರಿ ಮಾಸ್ತರ್ರ?"

ಮಾಸ್ತರರು ಯೂನಿಫಾರ್ಮ್ ಕೊಡವಿ ಹಗ್ಗಕ್ಕೆ ಹಾಕಿದರು. ಕಾಲರು ಸರಿಪಡಿಸುವಷ್ಟರಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡದೊಂದು ಕರಿ ಚುಕ್ಕೆ ಅದರ ಮೇಲೆ ಬಂದು ಕೂತಿತು.