ಮುಖ್ಯ ಅತಿಥಿಗೆ ಅವಸರವಾದಾಗ

ಮಾನವ ಹಕ್ಕುಗಳನ್ನು ಕಲಿಸಲು ನಾನು ಹೋದಲ್ಲೆಲ್ಲ ಏನಾದರೊಂದು ಗೊಂದಲ ಕಟ್ಟಿಟ್ಟ ಬುತ್ತಿ. ನಮ್ಮದು ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ ಹಕ್ಕು ಶಿಕ್ಷಣ ಕೇಂದ್ರ, ಕಚೇರಿ ಅಮೀರ್‌ಪೇಟ್‌ನಲ್ಲಿ. ಆ ಸಲ ಲಿಂಗಂಪಲ್ಲಿಯಲ್ಲಿ ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದ ಹೆಣ್ಣುಮಕ್ಕಳಿಗೆ ತರಬೇತಿ. ಮುಗಿಲೆತ್ತರ ಕಟ್ಟುತ್ತಿದ್ದವರಿಗೆ ಒಂದು ಪಾಯಖಾನೆ ಇರಲಿಲ್ಲ. ಅದಕ್ಕೇ ಸಂಜೆತನಕ ನೀರು ಕುಡಿಯದೆ ದುಡಿಯುತ್ತಿದ್ದರು.

೧. ಪುಸ್ತಕ

ಕೇಂದ್ರ ಕಳಿಸಿದ ಕಟ್ಟು ಬಿಚ್ಚಿದರೆ ಪುಸ್ತಕಗಳೆಲ್ಲ ತಮಿಳಿನಲ್ಲಿ! ಮೇಲಧಿಕಾರಿಗೆ ಫೋನು ಮಾಡಿದೆ.

"ನಿಮ್ಮ ಹೆಣ್ಣುಮಕ್ಕಳು ದಕ್ಷಿಣದವರೇ ತಾನೇ?" ಎಂದರು.

"ಹೌದು ಸರ್."

"ಮತ್ತೆ?"

ಪುಸ್ತಕಗಳನ್ನು ಮತ್ತೆ ಕಟ್ಟಿ, ಆ ಕಟ್ಟಿನ ಮೇಲೇ ಕೂತು ಕನ್ನಡದಲ್ಲಿ ಬಾಯಿಪಾಠ ಶುರುಮಾಡಿದೆ.

೨. ಅತಿಥಿ

ತರಬೇತಿ ಎಂದಮೇಲೆ ಸ್ಥಳೀಯ ಗಣ್ಯರೊಬ್ಬರು ಮುಖ್ಯ ಅತಿಥಿಯಾಗಬೇಕು, ಕೇಂದ್ರದ ನಿಯಮ. ಅಲ್ಲಿ ಕೈಗೆ ಸಿಕ್ಕ ಗಣ್ಯರೆಂದರೆ ಪಾಯಖಾನೆ ಕಟ್ಟಿಸದ ಗುತ್ತಿಗೆದಾರರೇ. ರಾಯಚೂರಿನವರು, ಮಾತಿನಲ್ಲಿ ಬೆಣ್ಣೆ. ಅವರನ್ನು ಮುಂದೆ ಕೂರಿಸಿ, "ಏನು ತೊಂದರೆಯಿದ್ದರೂ ಅಂಜದೆ ಹೇಳಿ" ಎಂದೆ.

ಹೆಂಗಸರು ಅವರ ಮುಖ ನೋಡಿದರು. "ಏನೂ ಇಲ್ರಿ ಸರ್. ಭಾಳ ಆರಾಮ ಅದೀವಿ."

ಮೊದಲು ಚಪ್ಪಾಳೆ ತಟ್ಟಿದವರು ಗುತ್ತಿಗೆದಾರರು. ಏನು ಮಾಡಬೇಕೋ ತಿಳಿಯದೆ ನಾನೂ ತಟ್ಟಿದೆ.

೩. ನಾಟಕ

ಮತ್ತೆ ಫೋನು ಮಾಡಿದೆ. "ನಾಟಕ ಆಡಿಸಿ. ಪಾತ್ರ ಅದಲುಬದಲು ಮಾಡಿ. ನೀವು ನಡುವೆ ಬಾಯಿ ಹಾಕಬೇಡಿ" ಎಂದರು ಮೇಲಧಿಕಾರಿ.

ಹೆಂಗಸರಲ್ಲಿ ಹಿರಿಯಳಾದವಳು ಗುತ್ತಿಗೆದಾರಳಾಗಿ ಕುರ್ಚಿ ಏರಿದಳು. ಗುತ್ತಿಗೆದಾರರು ಟವೆಲ್ಲನ್ನೇ ಸೆರಗು ಮಾಡಿ ತಲೆಗೆ ಹೊದ್ದು ಉತ್ಸಾಹದಿಂದ ಇಟ್ಟಿಗೆ ಹೊತ್ತರು. ಅತಿಥಿಯೆಂದು ಎಲ್ಲರೂ ಒತ್ತಾಯ ಮಾಡಿ ಕುಡಿಸಿದ್ದ ಚಹಾ ಅಷ್ಟರಲ್ಲಿ ತನ್ನ ಕೆಲಸ ತೋರಿಸಿತು.

"ಯವ್ವಾ, ಒಂದ್ಸಲ ಹೋಗಿ ಬರ್ತೀನಿ."

"ಕೆಲಸ ಮುಗಸು. ಸಂಜಿಗೆ ಹೋಗೀಯಂತ."

"ನಾಟಕ ಅಲ್ಲವ್ವಾ, ಖರೇನ ಬಂದೈತಿ!" ಎನ್ನುತ್ತ ಅವರು ಗೋಡೆಯ ಕಡೆ ಓಡಿದರು. ಹೆಂಗಸರೆಲ್ಲ ಅಡ್ಡ ನಿಂತರು.

"ಹೆಣ್ಣಮಕ್ಕಳು ಗ್ವಾಡಿ ಕಡೆ ಹೋಗ್ತಾರೇನ?"

ನನಗೆ ದಿಕ್ಕೇ ತೋಚಲಿಲ್ಲ. ಈಗ ಯಾರ ಹಕ್ಕು ಕಾಪಾಡಬೇಕು? ಬಾಯಿ ಹಾಕಬಾರದೆಂಬ ಅಪ್ಪಣೆ ಬೇರೆ. ಗುತ್ತಿಗೆದಾರರು ಕಾಲಿಗೆ ಕಾಲು ಹೆಣೆದು ನಿಂತು ನನ್ನತ್ತ ಕೂಗಿದರು:

"ಸರ್, ನಾಳೆನ ಪಾಯಖಾನಿ ಕಟ್ಟಸ್ತೀನ್ರಿ! ಜಲ್ದಿ ಹೇಳ್ರಿ ಇವರಿಗೆ!"

ಕುರ್ಚಿಯಲ್ಲಿದ್ದವಳು ಅಲ್ಲಾಡಲಿಲ್ಲ. ಸಮಾಧಾನವಾಗಿ ಹೇಳಿದಳು:

"ಛಲೋ ಆತು. ಕಟ್ಟಿಸಿದ ಮ್ಯಾಲೆ ಹೋಗವ್ವಾ."